ಅರ್ಧ ದಿಬ್ಬದ ಜಗಳ

ನಮ್ಮ ಮಾವನವರಿಗೆ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ!

ಮಾವ ಎಂದರೆ ನನ್ನ ಹೆಂಡತಿಯ ತಂದೆ. ಬಾಗಲಕೋಟೆ ಕಡೆಯವರು. ಸರ್ವೇ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಊರೂರು ತಿರುಗಿ, ಸರಪಳಿ ಎಳೆದು, ಗಡಿಕಲ್ಲು ನೆಡಿಸಿ, ಅಣ್ಣತಮ್ಮಂದಿರ ಜಗಳಗಳ ನಡುವೆ ಬಿಸಿಲಲ್ಲಿ ನಿಂತು ನಿವೃತ್ತರಾದವರು. ಅಷ್ಟು ವರ್ಷ ಬೇರೆಯವರ ಸಿಟ್ಟನ್ನು ಅಳೆದೂ ಅಳೆದೂ ಕೊನೆಗೆ ಎಲ್ಲವನ್ನೂ ತಾವೇ ಮನೆಗೆ ತಂದುಕೊಂಡರೋ ಏನೋ! ನಾನು ಮೈಸೂರಿನವನು. ನಮ್ಮಲ್ಲಿ ಸಿಟ್ಟು ಬಂದರೆ ‘ಪರವಾಗಿಲ್ಲ ಬಿಡಿ’ ಎಂದು ಹೇಳಿ, ಆಮೇಲೆ ಆರು ತಿಂಗಳು ಆ ಬೀದಿಯಲ್ಲೇ ಓಡಾಡುವುದಿಲ್ಲ. ಮಾವನವರದು ಹಾಗಲ್ಲ. ನೇರ.

ಆದರೆ ಒಂದು ನಿಯಮ ಉಂಟು. ಅಳಿಯನಿಗೆ ಬೈಯುವಂತಿಲ್ಲ. ಅವರ ಕಡೆ ಅಳಿಯನೆಂದರೆ ಮನೆಗೆ ಬಂದ ದೇವರಂತೆ. ದೇವರು ನಲ್ಲಿ ನಿಲ್ಲಿಸದೆ ಬಂದರೆ ಏನು ಮಾಡುವುದು? ಮಾವ ನೇರ ನಲ್ಲಿಯ ಹತ್ತಿರವೇ ಹೋಗುತ್ತಿದ್ದರು. “ಏ ನಳಾ! ನಿನಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನು? ಮೈಮ್ಯಾಲ ಖಬರ್ ಐತೋ ಇಲ್ಲೋ?” ನಲ್ಲಿ ತಲೆ ತಗ್ಗಿಸಿಕೊಂಡು ಕೇಳುತ್ತಿತ್ತು. ಸೋಫಾದ ಮೇಲೆ ನಾನೂ.

ನನ್ನ ಕೆಲಸ ನೆದರ್ಲೆಂಡ್ಸಿನ ಗ್ರೋನಿಂಗನ್ನಿನಲ್ಲಿ. ಮನೆ ಮಾತ್ರ ಅಲ್ಲಿಂದ ಉತ್ತರಕ್ಕೆ, ರೈಲಿನಲ್ಲಿ ಅರ್ಧ ಗಂಟೆ ದೂರದ ಒಂದು ಪುಟ್ಟ ಹಳ್ಳಿಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ನಾನು ಇನ್ನೂ ಅಲ್ಲೇ ಬದುಕಬೇಕು. ಸುತ್ತ ಕಣ್ಣು ಹಾಯುವಷ್ಟು ದೂರ ರೊಟ್ಟಿ ಬಡಿದಂತೆ ಸಪಾಟಾದ ನೆಲ. ನಡುವೆ ಒಂದೇ ಒಂದು ದಿಬ್ಬ. ದಿಬ್ಬದ ನೆತ್ತಿಯ ಮೇಲೆ ಚರ್ಚು, ಅದರ ಸುತ್ತ ನಲವತ್ತೋ ಐವತ್ತೋ ಮನೆ, ಮನೆಗಿಂತ ಹೆಚ್ಚು ಕುರಿ. ಮಾವ ಮತ್ತು ಅತ್ತೆ ಇಲ್ಲಿಗೆ ಮೂರು ತಿಂಗಳ ಮಟ್ಟಿಗೆಂದು ಬಂದದ್ದು ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ. ಮುಂದಿನದ್ದು ನಿಮಗೇ ಗೊತ್ತು. ಮಾರ್ಚಿನಲ್ಲಿ ಲೋಕವೇ ಬಾಗಿಲು ಹಾಕಿಕೊಂಡಿತು. ವಿಮಾನ ರದ್ದು, ಟಿಕೆಟ್ ರದ್ದು, ಸಹಾಯವಾಣಿಯಲ್ಲಿ ಬರೀ ಸಂಗೀತ. ಮಾವ ಆ ಸಂಗೀತಕ್ಕೂ ಬೈದರು.

ಟಾಯ್ಲೆಟ್ ಕಾಗದಕ್ಕಾಗಿ ಸೂಪರ್ ಮಾರ್ಕೆಟ್ಟಿನಲ್ಲಿ ಇಬ್ಬರು ಹೆಂಗಸರು ಜಗ್ಗಾಡುವುದನ್ನು ನೋಡಿ ಬಂದ ದಿನ ಅವರಿಗೆ ಊಟವೇ ಸೇರಲಿಲ್ಲ.

“ಸುತ್ತೆಲ್ಲಾ ನೀರು. ಕಾಲವಿ ನೀರು, ಮಳಿ ನೀರು, ಸಮುದ್ರದ ನೀರು. ಇಷ್ಟ ನೀರಿನ ಮ್ಯಾಲ ಕುಂತ ದೇಶ ಕಾಗದಕ್ಕ ಹೊಡದಾಡತೈತಿ!”

“ಅವ್ರು ಏನರ ಮಾಡ್ಕೊಳ್ಳಿ, ನೀವು ಊಟಾ ಮಾಡ್ರಿ,” ಎಂದರು ಅತ್ತೆ. ಅತ್ತೆ ಮಾತು ಕಡಿಮೆ. ಮಾವ ಇಬ್ಬರ ಪಾಲಿನದನ್ನೂ ಆಡುವುದರಿಂದ ಅವರಿಗೆ ಉಳಿಯುವುದೇ ಅಷ್ಟು.

ಮನೆಯಲ್ಲೇ ಕೂತರೆ ಗೋಡೆಗಳಿಗೆ ಉಳಿಗಾಲವಿಲ್ಲ ಎಂದು ನನ್ನ ಹೆಂಡತಿ ಅವರನ್ನು ದಿನಾ ಬೆಳಿಗ್ಗೆ ವಾಕಿಂಗಿಗೆ ಅಟ್ಟತೊಡಗಿದಳು. ಕಾವಲಿಗೆ ನಾನು. ಮಾವನ ಹೆಜ್ಜೆ ನೋಡಬೇಕು ನೀವು! ಒಂದೊಂದೂ ಎರಡೂವರೆ ಅಡಿ, ಕೂದಲೆಳೆ ಆಚೀಚೆ ಇಲ್ಲ. ಮೂರನೆಯ ದಿನ ಚರ್ಚಿನ ಹಿಂದೆ ಥಟ್ಟನೆ ನಿಂತರು. ದಿಬ್ಬ ಮೂರು ಕಡೆ ಮೆಲ್ಲಗೆ ಇಳಿಯುತ್ತದೆ. ಉತ್ತರದ ಕಡೆ ಮಾತ್ರ ಕೇಕು ಕತ್ತರಿಸಿದಂತೆ ನೆಟ್ಟಗೆ ಕೆಳಗೆ. ಕೆಳಗೆ ಹುಲ್ಲುಗಾವಲು, ಕುರಿಗಳು.

“ಅಳಿಯಂದ್ರ, ಈ ಗುಡ್ಡಾ ಅರ್ಧಾ ಎಲ್ಲಿ ಹೋತ್ರಿ?”

ನಾನು ಆ ಊರಲ್ಲಿ ನಾಲ್ಕು ವರ್ಷದಿಂದ ಇದ್ದೆ. ಒಂದು ದಿನವೂ ಆ ಪ್ರಶ್ನೆ ಬಂದಿರಲಿಲ್ಲ. “ಅದು ನ್ಯಾಚುರಲ್ ಇರ್ಬೇಕು ಮಾವ,” ಎಂದೆ.

“ನಿಸರ್ಗ ಸ್ಕೇಲ್ ಹಿಡಕೊಂಡು ಗೆರಿ ಎಳೀತೈತೇನ್ರಿ?” ಎಂದು ಅವರು ಕೇಳಿದ್ದು ನನ್ನನ್ನಲ್ಲ, ಪಕ್ಕದಲ್ಲಿದ್ದ ಬೇಲಿಯನ್ನು.

ಉತ್ತರ ಸಿಕ್ಕಿದ್ದು ರಸ್ತೆಬದಿಯ ಪುಸ್ತಕದ ಗೂಡಿನಲ್ಲಿ. ಓದಿ ಮುಗಿಸಿದ್ದನ್ನು ಜನ ಅಲ್ಲಿಟ್ಟು ಹೋಗುತ್ತಾರೆ, ಬೇಕಾದವರು ಒಯ್ಯುತ್ತಾರೆ. ಅದರೊಳಗೆ ನಮ್ಮ ಊರಿನ ಚರಿತ್ರೆಯ ತೆಳ್ಳಗಿನ ಪುಸ್ತಿಕೆಯೊಂದಿತ್ತು. ಬರೆದವರು ಮೂರು ಮನೆ ಆಚೆಯ ಡಚ್ ಯಜಮಾನರು. ಎಂಬತ್ತು ದಾಟಿದ ಹೈನುಗಾರ, ಊರಿನ ಇತಿಹಾಸ ಸಂಘದ ಅಧ್ಯಕ್ಷ. ಸಂಘದಲ್ಲಿ ಒಟ್ಟು ನಾಲ್ಕು ಜನ. ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಉಳಿದಿಬ್ಬರು ಅಧ್ಯಕ್ಷರ ಮಾತು ಕೇಳುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಮೊದಲು ನಾನು ಡಚ್ಚಿನಿಂದ ಕನ್ನಡಕ್ಕೆ ಹೇಳುತ್ತ ಹೋದೆ. ಸಮುದ್ರಕ್ಕೆ ಒಡ್ಡು ಇಲ್ಲದ ಕಾಲವಂತೆ. ದಿನಕ್ಕೆರಡು ಸಲ ನೀರು ಬಂದು ಹೋಗುವ ಕೆಸರು ನೆಲದ ಮೇಲೆ ಒಂದಷ್ಟು ಜನ ಬಂದು ನಿಂತರಂತೆ. ಮಣ್ಣು, ಸಗಣಿ, ಮನೆಯ ಕಸ, ಹೊತ್ತು ಹೊತ್ತು ಹಾಕಿದರಂತೆ. ನೀರು ಒಂದು ಗೇಣು ಏರಿದರೆ ಇವರು ಎರಡು ಗೇಣು. ಅಪ್ಪ ಹಾಕಿದ್ದರ ಮೇಲೆ ಮಗ, ಮಗನ ಮೇಲೆ ಮೊಮ್ಮಗ, ನೂರಾರು ವರ್ಷ. ಹಾಗೆ ಆದದ್ದು ಈ ದಿಬ್ಬ.

ಮಾವ ಬಾಯಿ ತೆರೆದು ಕೂತಿದ್ದರು. “ಸಗಣಿ ಹೊತ್ತು ಗುಡ್ಡಾ ಮಾಡ್ಯಾರ! ಅಲೆಲೆಲೆ! ಇವ್ರು ಮನಶ್ಯಾರ್ರಿ!” ಅಂದರು. ಹನ್ನೊಂದು ನಿಮಿಷ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಗಾಬರಿಯಾದ ಅತ್ತೆ ಬಂದು ಹಣೆ ಮುಟ್ಟಿ ನೋಡಿದರು. ಕೊರೋನಾ ಕಾಲ ನೋಡಿ!

ನಾನು ಪುಟ ತಿರುಗಿಸಿದೆ. “‘ಹಿಂದಿನ ಶತಮಾನದ ಆರಂಭದಲ್ಲಿ ದಿಬ್ಬದ ಒಂದು ಭಾಗವನ್ನು ಅಗೆದು ತೆಗೆಯಲಾಯಿತು. ಫಲವತ್ತಾದ ಮಣ್ಣನ್ನು ಗೊಬ್ಬರವಾಗಿ ಮಾರಲಾಯಿತು. ದೋಣಿಗಳಲ್ಲಿ ದೂರದ ಮರಳು ನೆಲಗಳಿಗೆ ಸಾಗಿಸಲಾಯಿತು.’”

“ಯಾರು?” ಎಂದರು ಮಾವ.

“ಯಾರು ಅಂದ್ರೆ?”

“ಯಾರು ತೆಗದ್ರು? ಯಾರು ಮಾರಿದ್ರು?”

“ಬರೆದಿಲ್ಲ ಮಾವ. ತೆಗೆಯಲಾಯಿತು ಅಂತಿದೆ ಅಷ್ಟೆ.”

ಮಾವ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. “ಲಾಯಿತು! ಈ ‘ಲಾಯಿತು’ ಅಂಬಾಂವ ನನಗ ಛಲೋ ಗೊತ್ತದಾನ. ಇಲಾಖೆದಾಗ ಮೂವತ್ನಾಕ ವರ್ಷ ಇವನ ಜೋಡೀನ ನೌಕರಿ ಮಾಡೀನಿ. ಎಲ್ಲಿ ತಪ್ಪ ಆಗೇತಿ ಅಲ್ಲಿ ಇಂವ ಇರ್ತಾನ. ಹಿಡೀಲಿಕ್ಕ ಹ್ವಾದ್ರ ಸಿಗೂದಿಲ್ಲ! ಅಜ್ಜ ಮುತ್ತ್ಯಾರು ತಲಿಮ್ಯಾಲ ಹೊತ್ತ ಗುಡ್ಡಾ ಇವ್ರು ದೋಣ್ಯಾಗ ಹಾಕಿ ಮಾರಿದ್ರು. ಆಮ್ಯಾಲ ‘ಮಾರಲಾಯಿತು’ ಅಂತ ಬರದ್ರು. ಗುಡ್ಡಾ ತಾನs ಎದ್ದು ದೋಣಿ ಹತ್ತಿತೇನು?”

“ನೂರ ವರ್ಷದ್ ಮಾತದು. ರೊಟ್ಟಿ ಆರತಾವ,” ಎಂದರು ಅತ್ತೆ.

ರೊಟ್ಟಿ ಆರಿತು. ಮಾವ ಆರಲಿಲ್ಲ. ಮರುದಿನ ಬೆಳಿಗ್ಗೆ ಚರ್ಚಿನ ಬೆಂಚಿನ ಮುಂದೆ ಹೋಗಿ ನಿಂತರು. ಡಚ್ ಯಜಮಾನರು ದಿನಾ ಹತ್ತೂವರೆಗೆ ಅಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಾರೆ. ನೀಲಿ ಮೇಲಂಗಿ, ಒಂಟೆಯಂಥ ಎತ್ತರ, ಹುಬ್ಬು ಗಂಟು. ಅವರ ಸಿಟ್ಟೂ ಊರಿಗೆಲ್ಲ ಪ್ರಸಿದ್ಧ. ಚರ್ಚಿನ ಗಡಿಯಾರ ಎರಡು ನಿಮಿಷ ಮುಂದಿದೆ ಎಂದು ಪಾದ್ರಿಯ ಜೊತೆ ವರ್ಷಗಟ್ಟಲೆ ಮಾತು ಬಿಟ್ಟವರು. ಈಗ ಇಬ್ಬರ ನಡುವೆ ಸರ್ಕಾರ ಹೇಳಿದ ಒಂದೂವರೆ ಮೀಟರ್ ಅಂತರ, ಆ ಅಂತರದಲ್ಲಿ ನಾನು. ನನ್ನಂಥ ದುಭಾಷಿಯ ಪಾಡು ಶತ್ರುವಿಗೂ ಬೇಡ!

“ಕೇಳ್ರಿ ಈ ಮುದಕಗ. ನಿಮ್ಮ ಹಿರ್ಯಾರು ಕಟ್ಟಿದ್ದು ಮಾರಕೊಂಡು ತಿಂದಾವ್ರ ಹೆಸರ ಬರೀಲಿಕ್ಕ ನಾಚಿಕಿ ಬಂತೇನು ಅಂತ ಕೇಳ್ರಿ.”

ನಾನು ಡಚ್ಚಿನಲ್ಲಿ, “ನಿಮ್ಮ ಪುಸ್ತಕ ಬಹಳ ಚೆನ್ನಾಗಿದೆಯಂತೆ, ಒಂದು ಸಣ್ಣ ಸಂದೇಹ ಅಂತೆ,” ಎಂದೆ.

ಯಜಮಾನರು ನಕ್ಕರು. ಮಾವ ನನ್ನ ಪಕ್ಕದ ಮರವನ್ನು ದುರುಗುಟ್ಟಿ ನೋಡಿದರು. “ಏ ಗಿಡಾ, ನೀ ಪೂರಾ ಹೇಳಿಲ್ಲ. ನಾ ಅಂದಿದ್ದು ಪೂರಾ ಹೇಳಿದ್ದಿ ಅಂದ್ರ ಅವನ ಮಾರಿ ಕೆಂಪಾಗಬೇಕಿತ್ತು!”

ಪೂರಾ ಹೇಳಿದೆ. ಮುಖ ಕೆಂಪಾಯಿತು. ಯಜಮಾನರು ಕಪ್ಪನ್ನು ಬೆಂಚಿಗೆ ಕುಟ್ಟಿ, “ಒನ್‌ಜಿನ್!” ಎಂದರು. ಶುದ್ಧ ಅಸಂಬದ್ಧ ಎಂದರ್ಥ. “ಆಗ ಎಲ್ಲರೂ ತೆಗೆದರು, ಸುತ್ತಲಿನ ಎಲ್ಲ ಊರಲ್ಲೂ! ನಿನ್ನೆ ಮೊನ್ನೆ ಬಂದವರಿಗೆ ಏನು ಗೊತ್ತು? ಹೋಗಿದ್ದು ಒಂದು ಸ್ವಲ್ಪ!”

“ಸ್ವಲ್ಪ? ಅಳದ ತೋರಸ್ತೀನಿ ಅಂತ ಹೇಳ್ರಿ!”

‘ಒನ್‌ಜಿನ್’ ಮಾವ ಕಲಿತ ಮೊದಲ ಡಚ್ ಪದ. ಅಂದಿನಿಂದ ಟಿವಿಯಲ್ಲಿ ಬರುವ ಸುದ್ದಿ ಒನ್‌ಜಿನ್, ನಾನು ಮಾಡಿದ ಉಪ್ಪಿಟ್ಟು (ಬಾಣಲೆಗೆ ಹೇಳಿದ್ದು) ಒನ್‌ಜಿನ್, ಏಪ್ರಿಲ್ಲಿನಲ್ಲಿ ಬಿದ್ದ ಆಲಿಕಲ್ಲೂ ಒನ್‌ಜಿನ್.

ಅಳತೆ ಶುರುವಾಯಿತು. ಸರಪಳಿ ಇಲ್ಲ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಮೀಟರಿಗೊಂದು ಗಂಟು ಹಾಕಿದರು. ಏರು ತಗ್ಗು ನೋಡಲು, ಗೌಂಡಿಗಳು ಮಾಡುವಂತೆ, ಉದ್ದದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿದರು. ಪೈಪಿನ ಆ ತುದಿ ನನ್ನ ಹೆಂಡತಿ, ಈ ತುದಿ ನಾನು. ಆಫೀಸಿನ ಮೀಟಿಂಗು ಕಿವಿಯಲ್ಲಿ, ಪೈಪು ಕೈಯಲ್ಲಿ. “ಮ್ಯಾಲ! ಇನ್ನಾ ಮ್ಯಾಲ! ಆ ಪೈಪಿಗೇನ ಜೀವಾ ಇಲ್ಲೇನು!” ಎಂದು ಮಾವ ಚರ್ಚಿನ ಕಟ್ಟೆಯಿಂದ ಕೂಗುತ್ತಿದ್ದರು. ಮ್ಯಾನೇಜರು, “ಅಲ್ಲಿ ಏನಾದರೂ ಅನಾಹುತ ಆಗಿದೆಯೇ?” ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ಏನೆಂದು ಹೇಳಲಿ? ದಿಬ್ಬ ಕಾಣೆಯಾಗಿದೆ ಎನ್ನಲೆ?

ಯಾರೋ ಫೋನು ಮಾಡಿರಬೇಕು. ಎರಡನೆಯ ದಿನ ಗೆಮೀಂಟೆಯಿಂದ, ಅಂದರೆ ನಮ್ಮ ಪುರಸಭೆ ಇದ್ದಂತೆ, ಸಮವಸ್ತ್ರದ ಅಧಿಕಾರಿಯೊಬ್ಬ ಬಂದ. ಮೂರಕ್ಕಿಂತ ಹೆಚ್ಚು ಜನ ಗುಂಪುಗೂಡಿದ್ದಾರೆ, ಏನೋ ಹುಗಿಯುತ್ತಿದ್ದಾರೆ ಎಂದು ದೂರಂತೆ. ಅತ್ತೆ ತಂದಿದ್ದ ಚಹಾದ ಡಬ್ಬಿಯನ್ನು ಅನುಮಾನದಿಂದ ನೋಡಿದ. “ಒಂದೂವರೆ ಮೀಟರ್ ಅಂತರ ಕಾಪಾಡಿ!” ಎಂದು ಮಾವನಿಗೆ ಗದರಿದ.

ಮಾವ ಅವನ ಬೂಟಿನಿಂದ ತಮ್ಮ ಚಪ್ಪಲಿಯವರೆಗೆ ಒಮ್ಮೆ ಕಣ್ಣಾಡಿಸಿದರು. “ಅಳಿಯಂದ್ರ, ಸಾಹೇಬಂಗ ಹೇಳ್ರಿ, ಅವನs ಒಂದ ಮೀಟರ್ ಇಪ್ಪತ್ತಕ್ಕ ಬಂದ ನಿಂತಾನ.”

ಗಂಟಿನ ಹಗ್ಗ ಹಿಡಿದು ನೋಡಿದೆವು. ಒಂದು ಮೀಟರ್ ಇಪ್ಪತ್ತೆರಡು! ಸಾಹೇಬ ಎರಡು ಹೆಜ್ಜೆ ಹಿಂದೆ ಹೋದ. ಆದರೂ ದಂಡದ ಪುಸ್ತಕ ತೆಗೆದ. ಆಗ ಬೆಂಚಿನಿಂದ ಗುಡುಗು ಕೇಳಿಸಿತು. ಡಚ್ ಯಜಮಾನರು! ಎರಡು ದಿನದಿಂದ ಫ್ಲಾಸ್ಕಿನ ಹಿಂದಿನಿಂದ ಎಲ್ಲವನ್ನೂ ನೋಡುತ್ತಿದ್ದವರು ಈಗ ಎದ್ದು ಬಂದರು. “ಅವರೆಲ್ಲ ಒಂದೇ ಮನೆಯವರು, ನಿಯಮ ಓದಿಕೊಂಡು ಬಾ. ಆ ಮನುಷ್ಯ ಅಳೆಯುತ್ತಿದ್ದಾನೆ. ನೂರು ವರ್ಷದಲ್ಲಿ ಇದನ್ನು ಯಾರೂ ಅಳೆದಿಲ್ಲ. ಬಿಡು ಅವನನ್ನು!”

ಅಧಿಕಾರಿ ಹೋದ. ಯಜಮಾನರು ಮಾವನ ಕಡೆ ತಿರುಗಿಯೂ ನೋಡದೆ ಬೆಂಚಿಗೆ ಹಿಂದಿರುಗಿದರು. “ನಾ ಇವಗ ಥ್ಯಾಂಕ್ಸ್ ಹೇಳಾವಲ್ಲ,” ಎಂದರು ಮಾವ. ಧ್ವನಿ ಮಾತ್ರ ಒಂದು ಗೇಣು ಇಳಿದಿತ್ತು.

ನಾಲ್ಕನೆಯ ದಿನ ಸೂಪರ್ ಮಾರ್ಕೆಟ್ಟಿನ ಕರಪತ್ರದ ಹಿಂದೆ ನಕ್ಷೆ ಸಿದ್ಧವಾಯಿತು. ಉಳಿದ ಮೂರು ಇಳಿಜಾರುಗಳ ಲೆಕ್ಕ ಹಿಡಿದು, ನಾಲ್ಕನೆಯದು ಎಲ್ಲಿಯವರೆಗೆ ಚಾಚಿತ್ತೆಂದು ಚುಕ್ಕಿ ಚುಕ್ಕಿಯ ಗೆರೆ ಎಳೆದಿದ್ದರು. ಕುರಿ ಮೇಯುವ ಹುಲ್ಲುಗಾವಲೆಲ್ಲ ಆ ಗೆರೆಯ ಒಳಗೆ. ಬೆಂಚಿನ ತುದಿಯಲ್ಲಿಟ್ಟು, ಹಾರದಂತೆ ಒಂದು ಕಲ್ಲು ಹೇರಿ, ಹಿಂದೆ ಸರಿದರು. ಯಜಮಾನರು ಕನ್ನಡಕ ಬದಲಿಸಿ ಬಹಳ ಹೊತ್ತು ನೋಡಿದರು.

“ಅರ್ಧಕ್ಕಿಂತ ಹೆಚ್ಚು,” ಎಂದರು ಕೊನೆಗೆ.

“ಹೌದು. ಈಗ ಹೇಳ್ರಿ, ಯಾರು ತೆಗದ್ರು?”

ನಾನು ಪೂರಾ ಹೇಳಿದೆ. ಯಜಮಾನರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಎದ್ದರು. ಮನೆಗೆ ಹೋದರು.

ಮರುದಿನ ಬೆಂಚು ಖಾಲಿ. ಅದರ ಮರುದಿನವೂ. ಮಾವ ದಿನಾ ಹತ್ತೂವರೆಗೆ ಹೋಗಿ ಖಾಲಿ ಬೆಂಚಿಗೆ ಬೈದು ಬರುತ್ತಿದ್ದರು. “ಓಡಿ ಹ್ವಾದ! ಉತ್ತರ ಕೊಡಾಕ ಬರಲಿಲ್ಲ, ಓಡಿ ಹ್ವಾದ!” ಐದನೆಯ ದಿನ ಅತ್ತೆ ಮೆಲ್ಲಗೆ, “ಮುದಕ ಮನಶ್ಯಾ. ಒಬ್ಬಾವನs ಇರ್ತಾನ. ಈ ಬ್ಯಾನಿ ಬ್ಯಾರೆ ತಿರಗತೈತಿ. ಆರಾಮ ಅದಾನೋ ಇಲ್ಲೋ,” ಎಂದರು. ಆ ಸಂಜೆ ಮಾವ ಯಜಮಾನರ ಮನೆಯ ಮುಂದೆ ಮೂರು ಸಲ ಹಾದುಹೋದರು. ಕಿಟಕಿಯಲ್ಲಿ ದೀಪ ಕಂಡ ಮೇಲೆ, “ಅದಾನ, ಅದಾನ, ಕಳ್ಳ!” ಎಂದು ಗಟ್ಟಿಯಾಗಿ ಬೈದು ನಿರಾಳವಾಗಿ ಮನೆಗೆ ಬಂದರು.

ಒಂಬತ್ತನೆಯ ದಿನ ಮಧ್ಯಾಹ್ನ ಬಾಗಿಲಿನ ಸೀಳಿನಿಂದ ಲಕೋಟೆಯೊಂದು ಒಳಗೆ ಬಿತ್ತು. ಅತ್ತೆ ಮೇಜಿನ ಮೇಲೆ ಬಟಾಣಿ ಸುಲಿಯುತ್ತಿದ್ದರು, ನನ್ನ ಹೆಂಡತಿ ಪಕ್ಕದಲ್ಲಿದ್ದಳು. ನಾನು ಲಕೋಟೆ ಒಡೆದು ಓದಿದೆ. ಪುಸ್ತಿಕೆಯ ಮುಂದಿನ ಮುದ್ರಣಕ್ಕೆಂದು ಯಜಮಾನರು ಬರೆದ ಪುಟ.

‘ದಿಬ್ಬದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನನ್ನ ಅಜ್ಜ ಮತ್ತು ಅವನ ಇಬ್ಬರು ನೆರೆಯವರು ಅಗೆದು ಮಾರಿದರು. ಅಗೆಯುವಾಗ ಮಡಕೆಗಳು ಸಿಕ್ಕವು, ಮೂಳೆಯ ಬಾಚಣಿಗೆಗಳು ಸಿಕ್ಕವು, ಮನುಷ್ಯರ ಎಲುಬುಗಳೂ ಸಿಕ್ಕವು. ಅವನ್ನೂ ಮಣ್ಣಿನ ಜೊತೆ ದೋಣಿಗೆ ಹಾಕಿದರು. ನಾನು ಹುಟ್ಟಿದ ಮನೆಗೆ ಹೆಂಚು ಬಂದದ್ದು ಆ ಹಣದಿಂದ. ಅಜ್ಜ ಒಳ್ಳೆಯವನು. ನನಗೆ ಹಾಲು ಕರೆಯಲು ಕಲಿಸಿದವನು ಅವನೇ.’

ಕೆಳಗೆ, ಬೇರೆ ಶಾಯಿಯಲ್ಲಿ ಒಂದು ಸಾಲು: ‘ಸಿಟ್ಟಿನ ಸರ್ವೇಯರ್ ಸಾಹೇಬರೇ, ನನ್ನದು ಹೇಳಿದ್ದೇನೆ. ನಿಮ್ಮ ಊರಿನಲ್ಲಿ ನೀವು ಏನು ಅಳೆದಿರಿ?’

ಮಾವ ಗೆದ್ದಿದ್ದರು! ಇನ್ನು ಊರೆಲ್ಲ ಕೇಳುವಂತೆ ಗರ್ಜಿಸುತ್ತಾರೆ ಎಂದು ನಾನು ಕಾದೆ. ಅವರು ಕುರ್ಚಿ ಎಳೆದು ಕೂತರು. “ಅಳಿಯಂದ್ರ, ಪೆನ್ನ ತಗೋರಿ,” ಎಂದರು.

“ಮೆನೇರ್,” ಎಂದು ಶುರು ಮಾಡಿದರು. ಡಚ್ಚರು ಯಜಮಾನರೇ ಎನ್ನಲು ಬಳಸುವ ಪದ, ಎಲ್ಲಿ ಕಲಿತಿದ್ದರೋ. “ಕೃಷ್ಣಾ ಹೊಳಿಗೆ ಡ್ಯಾಮ ಕಟ್ಟಿದ್ರು, ಹಿನ್ನೀರ ಊರಿಗೆ ಬರೂದಿತ್ತು. ಯಾವ ಮನಿ ಮುಳಗತಾವು, ಯಾವ ಮನಿ ಉಳೀತಾವು ಅಂತ ಗೆರಿ ಎಳದಾಂವ ನಾನು. ಕಾಗದದಾಗ ‘ಮುಳುಗಡೆಗೆ ಗುರುತಿಸಲಾಯಿತು’ ಅಂತ ಬರದೆ. ಗುರುತಿಸಿದಾಂವ ನಾನು. ಗ್ವಾಡಿಮ್ಯಾಲ ನಂಬರ ಬರಿಯೂ ಕೆಂಪ ಬಣ್ಣದ ಡಬ್ಬಿ ನನ್ನ ಕೈಯಾಗಿತ್ತು. ಒಂದನೇ ನಂಬರ, ಕುಂಬಾರರ ಮನಿ. ಎರಡು, ಅಗಸರ ಮನಿ. ಮೂರು, ಹೊರಗ ಹೋಗಲಾರದ ಒಬ್ಬಾಕಿ ಕುರುಡಿ ಇದ್ಲು, ಆಕೀ ಮನಿ...”

ಒಂದೂ ಬಿಡದೆ ಹೇಳುತ್ತ ಹೋದರು. ಮೂವತ್ತು ವರ್ಷದ ಹಿಂದಿನ ಊರಿನ ಓಣಿ ಓಣಿಯಲ್ಲಿ ನಡೆದುಹೋಗುತ್ತಿದ್ದಂತೆ. ನಲವತ್ತು ಎಂದರು. ನಿಂತರು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ.

“ಬರಸ್ರಿ. ಯಾಕ ನಿಂತ್ರಿ?” ಎಂದರು ಅತ್ತೆ, ಬಟಾಣಿಯಿಂದ ತಲೆ ಎತ್ತದೆ. “ನಲವತ್ತೊಂದು. ನಮ್ಮವ್ವನ ಮನಿ.”

ನನ್ನ ಹೆಂಡತಿ ತಾಯಿಯ ಮುಖ ನೋಡಿದಳು. ಅಜ್ಜಿಯ ಮನೆ ನೀರಿನಲ್ಲಿ ಹೋಗಿದ್ದು ಅವಳಿಗೆ ಗೊತ್ತಿತ್ತು. ನಂಬರು ಬರೆದವರು ಯಾರೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

“ನೀ ಹೊಟ್ಯಾಗಿದ್ದಿ,” ಎಂದರು ಅತ್ತೆ ಅವಳಿಗೆ. “ಬಾಣಂತನಕ್ಕ ಹೋಗಿದ್ದೆ ನಾ, ಒಳಗ ಕುಂತಿದ್ದೆ. ಯುಗಾದಿ ಮುಂದ ಇತ್ತು, ಅವ್ವ ಆಗಷ್ಟ ಗ್ವಾಡಿಗೆ ಸುಣ್ಣಾ ಹಚ್ಚಿದ್ಲು. ಇವ್ರು ಡಬ್ಬಿ ಹಿಡಕೊಂಡ ಬಂದ್ರು. ‘ಬಲಕ್ಕ ಬ್ಯಾಡ್ರಿ ಅಳಿಯಂದ್ರ, ಹಸಿ ಐತಿ. ಎಡಕ್ಕ ಬರೀರಿ’ ಅಂದ್ಲು.”

“ಎಡಕ್ಕ ಬರದೆ,” ಎಂದರು ಮಾವ.

“ಬರದ್ರಿ. ಆಮ್ಯಾಲ ಆಕಿ ತಂಬಗಿ ತುಂಬ ಮಜ್ಜಿಗಿ ಕೊಟ್ಲು. ನಿಂತs ಕುಡದ್ರಿ. ಒಳಗ ಬರಲಿಲ್ಲ ನೀವು.”

“ಹೆಂಗ ಬರ್ಲಿ?” ಮಾವನ ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಕಿದರೂ ಇರಲಿಲ್ಲ. “ಆಕೀಗೆ ನನ್ನ ಮ್ಯಾಲ ಸಿಟ್ಟ ಇತ್ತೇನು? ಸಾಯೂತನಾ ಇತ್ತೇನು?”

ಅತ್ತೆ ಒಂದು ಕಾಯಿ ಬಿಡಿಸಿ ಕಾಳು ಉದುರಿಸಿದರು. “ನೀವು ಹ್ವಾದ ಮ್ಯಾಲ ಅತ್ಲು. ಸಿಟ್ಟಲೇ ಅತ್ಲು. ಆಮ್ಯಾಲ ‘ಪಾಪ, ಉರಿಬಿಸಿಲಾಗ ಬಂದಿದ್ದ, ಇನ್ನೊಂದ ತಂಬಗಿ ಕೊಡಬೇಕಿತ್ತು’ ಅಂದ್ಲು.”

ಹೊರಗೆ ಕುರಿಯೊಂದು ಕೂಗಿತು. ಮಾವ ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು.

“ಬರೀರಿ,” ಎಂದರು ನನಗೆ. “ಮಜ್ಜಿಗಿ ಕೊಟ್ಟದ್ದೂ ಬರೀರಿ. ‘ಕೊಡಲಾಯಿತು’ ಅಂತ ಬರದಗಿರದೀರಿ ಮತ್ತ! ಆಕಿ ಕೊಟ್ಲು. ಆಕೀ ಹೆಸರ ಹಾಕ್ರಿ.”

“ಹೆಸರೇನು ಮಾವ?”

ನನ್ನ ಹೆಂಡತಿಗೂ ಥಟ್ಟನೆ ಹೊಳೆಯಲಿಲ್ಲ. ಅವಳಿಗೆ ಅಜ್ಜಿ ಯಾವತ್ತೂ ಆಯಿ ಅಷ್ಟೆ. ಹೆಣ್ಣು ಕೊಟ್ಟ ಅತ್ತೆಯ ಹೆಸರನ್ನು ಅಳಿಯ ಬಾಯಿಬಿಟ್ಟು ಹೇಳುವ ರೂಢಿ ಅವರ ಮನೆತನದಲ್ಲಿಲ್ಲ. ಅತ್ತೆ ಹೇಳಬಹುದಿತ್ತು, ಹೇಳಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಕೂತರು.

“ನೀಲವ್ವ,” ಎಂದರು ಮಾವ.

ಅತ್ತೆ ಬಟಾಣಿಯ ಬುಟ್ಟಿ ಬದಿಗಿಟ್ಟು ಎದ್ದು ಬಂದರು. ಅಳಿಯನಾದ ನಾನು ಎದುರಿಗೇ ಇದ್ದೇನೆ ಎಂಬುದನ್ನೂ ನೋಡದೆ, ಸೆರಗಿನ ತುದಿಯಿಂದ ಅವರ ಮುಖ ಒರೆಸಿದರು.